ಸಿಸ್ಟರ್ ನೋಡಿದ್ರ ಸಾಕೇನ್ರಿ? ಹಳ್ಳಿ ದವಾಖಾನೆಯ ಒಂದು ಇತಿಹಾಸ

ನಮ್ಮ ಕಡೆ ರೋಗಿಯನ್ನು ಪರೀಕ್ಷೆ ಮಾಡುವುದಕ್ಕೆ ‘ನೋಡುವುದು’ ಎನ್ನುತ್ತೇವೆ. ಬೈಲಹೊಂಗಲದ ಆಸ್ಪತ್ರೆ ಮುಂದೆ ನಿಂತರೂ, ರಾಮದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕುಂತರೂ ಈ ಮಾತು ಕಿವಿಗೆ ಬೀಳುತ್ತದೆ. “ಡಾಕ್ಟರ್ ನೋಡಿದ್ರೇನ?” “ಇಲ್ರೀ, ಸಿಸ್ಟರ್ ಅಷ್ಟ ನೋಡ್ಯಾರ.” ಆ ‘ಅಷ್ಟ’ ಎಂಬ ಮಾತಿನಲ್ಲಿ ಅಸಮಾಧಾನ ಇದೆ. ಸಿಸ್ಟರ್ ನೋಡಿದ್ದು ನೋಡಿದ ಲೆಕ್ಕಕ್ಕೆ ಬರುವುದಿಲ್ಲ ಎಂಬ ಭಾವನೆ ಇದೆ.

ಆದರೆ ಇವತ್ತು ಹಳ್ಳಿಯ ಉಪಕೇಂದ್ರಕ್ಕೆ ಹೋದರೆ ನಿಮ್ಮನ್ನು ಮೊದಲು ನೋಡುವವರು ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. ಬಿಪಿ ನೋಡುವವರು ಅವರೇ, ಸಕ್ಕರೆ ನೋಡುವವರೂ ಅವರೇ. ಕೂಸಿನ ಉಸಿರು ಎಣಿಸಿ “ಇದನ್ನ ಈಗಿಂದೀಗ ತಾಲೂಕಿಗೆ ಒಯ್ಯಿರಿ” ಎನ್ನುವವರೂ ಅವರೇ. ಅವರ ಮಾತು ನಂಬಬೇಕೋ ಬೇಡವೋ ಎಂಬುದು ಜೀವ ಉಳಿಯುವ, ಹೋಗುವ ಪ್ರಶ್ನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಸುದ್ದಿಗೆ ಓಡಾಡುವ ನಮಗೆ ಈ ಪ್ರಶ್ನೆಯ ಹಿಂದಿನ ಇತಿಹಾಸ ನಿಮ್ಮ ಮುಂದಿಡಬೇಕು ಅನ್ನಿಸಿತು. ಈ ಇತಿಹಾಸದ ಒಂದು ದೊಡ್ಡ ಪುಟ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಬರೆದದ್ದು. ಜಗತ್ತಿನ ವೈದ್ಯರಿಗೆ ಅದು ಗೊತ್ತು, ನಮ್ಮ ಊರುಗಳಿಗೆ ಗೊತ್ತಿಲ್ಲ.

ಸಂಪಗಾಂವ, ಪರಸಗಡ ಮತ್ತು ಒಂದು ಸಂಸ್ಥಾನ

ಈಗಿನ ನಾಲ್ಕು ತಾಲೂಕುಗಳಿಗೆ ಬ್ರಿಟಿಷರ ಕಾಲದಲ್ಲಿ ಬೇರೆ ಹೆಸರು, ಬೇರೆ ಗಡಿ. ಬೈಲಹೊಂಗಲ ಮತ್ತು ಕಿತ್ತೂರು ಸಂಪಗಾಂವ ತಾಲೂಕಿನಲ್ಲಿದ್ದವು. ಸವದತ್ತಿ ಪರಸಗಡ ತಾಲೂಕಿನ ಮುಖ್ಯ ಊರು. ಇವು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ರಾಮದುರ್ಗ ಭಾವೆ ಮನೆತನದ ಸಂಸ್ಥಾನ, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು.

ಆ ಕಾಲದಲ್ಲಿ ಹಳ್ಳಿಯ ರೋಗಿಯನ್ನು ಯಾರು ನೋಡುತ್ತಿದ್ದರು? ನಾಟಿ ವೈದ್ಯರು, ಎಲುಬು ಕಟ್ಟುವವರು, ಹೆರಿಗೆಗೆ ಸೂಲಗಿತ್ತಿ. ಸೂಲಗಿತ್ತಿ ಕೈಯಿಂದ ಹೊಟ್ಟೆ ಮುಟ್ಟಿ ಕೂಸಿನ ತಲೆ ಎಲ್ಲಿದೆ ಎಂದು ಹೇಳುತ್ತಿದ್ದಳು. ಅದೂ ಒಂದು ಪರೀಕ್ಷೆಯೇ. ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದು ಆ ಕೈಯ ಅರಿವಿಗೆ. ಆದರೆ ಸೂಲು ಕಟ್ಟಿಕೊಂಡರೆ, ನಂಜಾದರೆ, ರಕ್ತ ನಿಲ್ಲದೆ ಹೋದರೆ ಸೂಲಗಿತ್ತಿಯ ಕೈಯಲ್ಲಿ ಔಷಧ ಇರಲಿಲ್ಲ.

ಇಂಗ್ಲಿಷ್ ಔಷಧ ಕೊಡುವವರಲ್ಲಿ ಎಲ್‌ಸಿಪಿಎಸ್ ಡಾಕ್ಟರುಗಳಿದ್ದರು. ಮುಂಬಯಿಯಲ್ಲಿ 1912ರಲ್ಲಿ ಶುರುವಾದ ಕಾಲೇಜ್ ಆಫ್ ಫಿಜಿಶಿಯನ್ಸ್ ಆ್ಯಂಡ್ ಸರ್ಜನ್ಸ್ ಸಂಸ್ಥೆ ಈ ಪರವಾನಗಿ ಕೊಡುತ್ತಿತ್ತು. ಎಂಬಿಬಿಎಸ್‌ಗಿಂತ ಚಿಕ್ಕ ಓದು. ಹಳೆಯ ಪೇಟೆಗಳಲ್ಲಿ ಹಿರಿಯರನ್ನು ಕೇಳಿದರೆ “ನಮ್ಮ ಡಾಕ್ಟರ್ ಎಲ್‌ಸಿಪಿಎಸ್ ಇದ್ರು” ಎಂದು ನೆನೆಯುವವರು ಸಿಗುತ್ತಾರೆ.

ನರ್ಸುಗಳು ಹೆಚ್ಚಾಗಿ ಪಟ್ಟಣದ ದೊಡ್ಡ ಆಸ್ಪತ್ರೆಗಳಲ್ಲಿ, ಡಾಕ್ಟರ್ ಹೇಳಿದ್ದನ್ನು ಮಾಡುವವರಾಗಿದ್ದರು. ಅವರ ಕೆಲಸಕ್ಕೆ ಕಾನೂನಿನ ಗುರುತು ಮುಂಬಯಿ ಪ್ರಾಂತದಲ್ಲಿ 1935ರಲ್ಲಿ, ನರ್ಸು, ದಾದಿ ಮತ್ತು ಹೆಲ್ತ್ ವಿಸಿಟರುಗಳ ನೋಂದಣಿ ಕಾಯ್ದೆಯಿಂದ ಸಿಕ್ಕಿತು. ಇಡೀ ದೇಶಕ್ಕೆ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂದದ್ದು 1947ರಲ್ಲಿ.

ಭೋರ್ ಸಮಿತಿ ಹಾಕಿದ ಅಡಿಪಾಯ

1943ರಲ್ಲಿ ಸರ್ ಜೋಸೆಫ್ ಭೋರ್ ಅವರ ಸಮಿತಿ ನೇಮಕವಾಯಿತು. 1946ರಲ್ಲಿ ಅದು ವರದಿ ಕೊಟ್ಟಿತು. ನಾವು ಇವತ್ತು ‘ಪಿಎಚ್‌ಸಿ’ ಎಂದು ಕರೆಯುವ ಪ್ರಾಥಮಿಕ ಆರೋಗ್ಯ ಕೇಂದ್ರದ ನಕ್ಷೆ ಆ ವರದಿಯಲ್ಲಿದೆ. ಮೊದಲ ಹಂತಕ್ಕೆ ಸಮಿತಿ ಹೇಳಿದ್ದು ಇಷ್ಟು: 40,000 ಜನರಿಗೆ ಒಂದು ಕೇಂದ್ರ. ಅದರಲ್ಲಿ 2 ಡಾಕ್ಟರು, 1 ನರ್ಸು, 4 ಸಾರ್ವಜನಿಕ ಆರೋಗ್ಯ ನರ್ಸುಗಳು, 4 ದಾದಿಯರು, 4 ತರಬೇತಿ ಪಡೆದ ಸೂಲಗಿತ್ತಿಯರು, ಇನ್ನೂ ಹಲವರು.

ಈ ಲೆಕ್ಕ ಸ್ವಲ್ಪ ನಿಂತು ನೋಡಿ. 2 ಡಾಕ್ಟರುಗಳ ಎದುರಿಗೆ ನರ್ಸು ಮತ್ತು ದಾದಿಯರು ಸೇರಿ 9 ಜನ. ಅಂದರೆ ಹಳ್ಳಿ ಆರೋಗ್ಯದ ಹೆಚ್ಚಿನ ಕೆಲಸ ಹೆಣ್ಣುಮಕ್ಕಳ ಕೈಯಲ್ಲೇ ಆಗಬೇಕು ಎಂದು ಮೊದಲ ದಿನವೇ ಬರೆದಾಗಿತ್ತು.

ಅದೇ ಸಮಿತಿ ಇನ್ನೊಂದು ತೀರ್ಮಾನವನ್ನೂ ಮಾಡಿತು. ಎಲ್‌ಸಿಪಿಎಸ್‌ನಂಥ ಚಿಕ್ಕ ಓದಿನ ಡಾಕ್ಟರು ಇನ್ನು ಬೇಡ, ದೇಶಕ್ಕೆಲ್ಲ ಒಂದೇ ಬಗೆಯ ಪೂರ್ಣ ಪದವಿಯ ಡಾಕ್ಟರು ಸಾಕು ಎಂದಿತು. ಸಮಿತಿಯೊಳಗೇ ಕೆಲವರು ಇದನ್ನು ಒಪ್ಪಲಿಲ್ಲ. ಡಾಕ್ಟರುಗಳು ಕಡಿಮೆ ಇರುವಾಗ ಈ ಬಾಗಿಲು ಮುಚ್ಚಿದರೆ ಹಳ್ಳಿಗೆ ಯಾರು ಹೋಗುತ್ತಾರೆ ಎಂಬುದು ಅವರ ವಾದ. ಬಹುಮತ ಗೆದ್ದಿತು, ಬಾಗಿಲು ಮುಚ್ಚಿತು. ಆಮೇಲೆ ಎಂಬಿಬಿಎಸ್ ಓದಿದವರು ಹಳ್ಳಿಗೆ ಬರುವುದಕ್ಕೆ ಹಿಂದೆಮುಂದೆ ನೋಡಿದರು. ಹಳ್ಳಿಯಲ್ಲಿ ಉಂಟಾದ ತೆರವನ್ನು ಓದದ ‘ಸೂಜಿ ಡಾಕ್ಟರು’ಗಳು ತುಂಬಿದರು. ಸರಕಾರದ ಕಡೆಯಿಂದ ಆ ತೆರವಿನಲ್ಲಿ ನಿಂತವಳು ನರ್ಸಬಾಯಿ.

ಸೈಕಲ್ಲು, ಚೀಲ, ರಜಿಸ್ಟರು

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು, ಅದರ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಅದಕ್ಕೂ ಒಂದು ವರ್ಷ ಮೊದಲು, 1951ರಲ್ಲಿ, ಎಎನ್‌ಎಂ ಎಂಬ ಎರಡು ವರ್ಷದ ತರಬೇತಿ ದೇಶದಲ್ಲಿ ಆರಂಭವಾಗಿತ್ತು. ಹೆರಿಗೆ, ಬಾಣಂತಿ ಆರೈಕೆ, ಕೂಸಿನ ಆರೈಕೆ ಆಕೆಯ ಮುಖ್ಯ ಕೆಲಸ.

1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ವರದಿ ಬಂತು. ಎಎನ್‌ಎಂ ಇನ್ನು ‘ಕಿರಿಯ ಆರೋಗ್ಯ ಸಹಾಯಕಿ’ಯ ದಾರಿ ಹಿಡಿದಳು. ಹೆರಿಗೆಯ ಜೊತೆ ಲಸಿಕೆ, ಕುಟುಂಬ ಯೋಜನೆ, ಮಲೇರಿಯಾ, ಅಂಕಿ-ಸಂಖ್ಯೆ ಎಲ್ಲ ಆಕೆಯ ತಲೆ ಮೇಲೆ ಬಿತ್ತು. 1977ರಲ್ಲಿ ಆಕೆಯ ತರಬೇತಿಯನ್ನು ಎರಡು ವರ್ಷದಿಂದ 18 ತಿಂಗಳಿಗೆ ಇಳಿಸಿದರು. ಕೆಲಸ ಹೆಚ್ಚಾಯಿತು, ಕಲಿಕೆ ಕಡಿಮೆಯಾಯಿತು. ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ ಎಂಬ ಲೆಕ್ಕ ಗಟ್ಟಿಯಾಯಿತು.

ಆಪರೇಶನ್ ಗುರಿ ತುಂಬುವುದು, ರಜಿಸ್ಟರ್ ಬರೆಯುವುದು ಇವೇ ದೊಡ್ಡ ಕೆಲಸ ಆದಾಗ ‘ನೋಡುವ’ ಕೆಲಸ ಹಿಂದೆ ಬಿತ್ತು. ಊರ ಜನರ ಕಣ್ಣಲ್ಲಿ ನರ್ಸಬಾಯಿ ಅಂದರೆ ಲಸಿಕೆ ಹಾಕುವವಳು, ಆಪರೇಶನ್ನಿಗೆ ಕರೆಯುವವಳು. “ಸಿಸ್ಟರ್ ಅಷ್ಟ ನೋಡ್ಯಾರ” ಎಂಬ ಮಾತಿನ ಬೇರು ಇಲ್ಲಿದೆ ಎಂದು ನಮಗೆ ಅನ್ನಿಸುತ್ತದೆ. ಹೆಣ್ಣುಮಗಳಿಗೆ ಸಾಮರ್ಥ್ಯ ಇರಲಿಲ್ಲ ಅಂತಲ್ಲ. ಆಕೆಗೆ ಆ ಕೆಲಸವನ್ನು ಪೂರ್ತಿ ಕಲಿಸಲಿಲ್ಲ, ಕಲಿತದ್ದನ್ನು ಮಾಡಲು ಸಮಯ ಕೊಡಲಿಲ್ಲ.

ಹೊರಗಿನ ಜಗತ್ತಿನಲ್ಲಿ ಏನಾಯಿತು

ಇದೇ ಹೊತ್ತಿಗೆ ಅಮೆರಿಕದಲ್ಲಿ ಬೇರೆ ದಾರಿ ತೆರೆಯಿತು. ಅಲ್ಲಿಯೂ ಹಳ್ಳಿಗಾಡಿಗೆ ಡಾಕ್ಟರು ಸಿಗುತ್ತಿರಲಿಲ್ಲ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ಆರೋಗ್ಯ ನರ್ಸು ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರು ಸೇರಿ ‘ನರ್ಸ್ ಪ್ರಾಕ್ಟೀಷನರ್’ ತರಬೇತಿ ಆರಂಭಿಸಿದರು. ಅನುಭವ ಇರುವ ನರ್ಸಿಗೆ ರೋಗಿಯ ಪೂರ್ತಿ ಕಥೆ ಕೇಳುವುದು, ಮೈಮುಟ್ಟಿ ಪರೀಕ್ಷೆ ಮಾಡುವುದು, ಸಣ್ಣ ರೋಗಕ್ಕೆ ತಾನೇ ಚಿಕಿತ್ಸೆ ಕೊಡುವುದು, ದೊಡ್ಡದನ್ನು ಗುರುತಿಸಿ ಕಳಿಸುವುದು, ಇವನ್ನು ಕಲಿಸಿದರು.

ಡಾಕ್ಟರುಗಳೂ ನರ್ಸುಗಳೂ ಇಬ್ಬರೂ ವಿರೋಧಿಸಿದರು. ಆಗ ಕೆನಡಾದ ಬರ್ಲಿಂಗ್ಟನ್ ಎಂಬ ಊರಿನಲ್ಲಿ 1971-72ರಲ್ಲಿ ಒಂದು ಪ್ರಯೋಗ ನಡೆಯಿತು. ಕೆಲವು ಕುಟುಂಬಗಳನ್ನು ಡಾಕ್ಟರಿಗೆ, ಕೆಲವನ್ನು ನರ್ಸ್ ಪ್ರಾಕ್ಟೀಷನರಿಗೆ ಚೀಟಿ ಎತ್ತಿದಂತೆ ಹಂಚಿದರು. ವರ್ಷದ ಕೊನೆಗೆ ಎರಡೂ ಕಡೆಯವರ ಆರೋಗ್ಯ ಹೆಚ್ಚುಕಡಿಮೆ ಸಮ ಇತ್ತು. ಇಂಥ 18 ಪ್ರಯೋಗಗಳನ್ನು ಒಟ್ಟು ಮಾಡಿ 2018ರಲ್ಲಿ ಕಾಕ್ರೇನ್ ಸಂಸ್ಥೆ ಹೇಳಿದ್ದೂ ಇದೇ: ತರಬೇತಿ ಪಡೆದ ನರ್ಸು ಪ್ರಾಥಮಿಕ ಹಂತದಲ್ಲಿ ನೋಡಿದರೆ ಫಲಿತಾಂಶ ಡಾಕ್ಟರು ನೋಡಿದಷ್ಟೇ ಅಥವಾ ಇನ್ನೂ ತುಸು ಚಲೋ ಇರಬಹುದು, ರೋಗಿಗಳಿಗೆ ಸಮಾಧಾನವೂ ಹೆಚ್ಚು. ನರ್ಸು ಒಬ್ಬೊಬ್ಬರಿಗೆ ಹೆಚ್ಚು ಸಮಯ ಕೊಡುತ್ತಾರೆ. ಆದರೆ ಆ ಪ್ರಯೋಗಗಳು ಹೆಚ್ಚಾಗಿ ಶ್ರೀಮಂತ ದೇಶಗಳವು. ಅಲ್ಲಿ ಆದದ್ದು ಯರಗಟ್ಟಿಯಲ್ಲೂ ಹಾಗೇ ಆಗುತ್ತದೆ ಎಂದು ಕಣ್ಣುಮುಚ್ಚಿ ಹೇಳಲು ಬರುವುದಿಲ್ಲ.

ಹಾಗಾದರೆ ನಮ್ಮ ನೆಲದ ಸಾಕ್ಷಿ ಏನು? ಇಲ್ಲಿಂದ ಕಥೆ ಬೆಳಗಾವಿಗೆ ಬರುತ್ತದೆ.

ಬೆಳಗಾವಿ ಜಿಲ್ಲೆಯ ಮೂರು ಮಾತ್ರೆ

ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹರಿಯುವುದು ತಾಯಂದಿರ ಸಾವಿಗೆ ದೊಡ್ಡ ಕಾರಣ. ಕರುಳು ಹಿಂಡುವ ವಿಷಯ ಏನೆಂದರೆ, ಇದರಲ್ಲಿ ಜೀವ ಹೋಗಲು ಎರಡು-ಮೂರು ತಾಸು ಸಾಕು. ಇದನ್ನು ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ತಣ್ಣಗೆ ಇಡಬೇಕು. ಕರೆಂಟು ನೆಚ್ಚಿಕೊಳ್ಳಲಾಗದ ಹಳ್ಳಿಯಲ್ಲಿ, ಮನೆಯಲ್ಲೇ ಹೆರಿಗೆ ಆಗುವ ಕಾಲದಲ್ಲಿ ಅದು ಕಷ್ಟದ ಕೆಲಸ.

ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ ಶುರುವಾದದ್ದು. ಅಲ್ಲಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಒಂದು ಪ್ರಯೋಗ ನಡೆಸಿದರು. ಬೆಳಗಾವಿ ಜಿಲ್ಲೆಯ 4 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಹಳ್ಳಿಗಳು ಅದರಲ್ಲಿದ್ದವು. 1,620 ತಾಯಂದಿರು ಭಾಗವಹಿಸಿದರು. ಅರ್ಧ ಜನರಿಗೆ ಮಿಸೊಪ್ರೊಸ್ಟಾಲ್ ಎಂಬ ಔಷಧದ 600 ಮೈಕ್ರೊಗ್ರಾಂ, ಅಂದರೆ ಮೂರು ಸಣ್ಣ ಮಾತ್ರೆ. ಉಳಿದವರಿಗೆ ನೋಡಲು ಹಾಗೇ ಇರುವ, ಔಷಧ ಇಲ್ಲದ ಮಾತ್ರೆ. ಕೊಟ್ಟವರು ಡಾಕ್ಟರುಗಳಲ್ಲ. ಮನೆಯಲ್ಲಿ ಮತ್ತು ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುತ್ತಿದ್ದ ಎಎನ್‌ಎಂಗಳು, ನಮ್ಮ ನರ್ಸಬಾಯಿಯರು.

2006ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಅಚ್ಚಾಯಿತು. ಔಷಧ ಇಲ್ಲದ ಗುಂಪಿನಲ್ಲಿ 100ಕ್ಕೆ 12 ತಾಯಂದಿರಿಗೆ ಅತಿ ರಕ್ತಸ್ರಾವ ಆಗಿತ್ತು. ಮಾತ್ರೆ ತೆಗೆದುಕೊಂಡವರಲ್ಲಿ ಅದು 6.4ಕ್ಕೆ ಇಳಿದಿತ್ತು. ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿದಿತ್ತು. 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬರ ರಕ್ತಸ್ರಾವ ತಪ್ಪುತ್ತಿತ್ತು. ಕೆಲವರಿಗೆ ಸ್ವಲ್ಪ ಹೊತ್ತು ಚಳಿ, ಜ್ವರ ಬಂದು ಹೋಯಿತು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಗಳ ಪಟ್ಟಿಯಲ್ಲಿ ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಈ ಮಾತ್ರೆ ಸೇರಿಸಿತು. ಆ ತೀರ್ಮಾನದ ಹಿಂದಿನ ಮುಖ್ಯ ಸಾಕ್ಷಿಗಳಲ್ಲಿ ನಮ್ಮ ಜಿಲ್ಲೆಯ ತಾಯಂದಿರ, ನರ್ಸಬಾಯಿಯರ ಕೆಲಸವೂ ಇತ್ತು.

ಇಲ್ಲಿ ಒಂದು ಮಾತು ಗಮನಿಸಬೇಕು. ಮಾತ್ರೆ ನುಂಗಿಸುವುದು ಸುಲಭ. ಅದಕ್ಕೂ ಮೊದಲು ಹೊಟ್ಟೆ ಮುಟ್ಟಿ ಒಳಗೆ ಇನ್ನೊಂದು ಕೂಸು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅವಳಿ ಇದ್ದಾಗ ಕೊಟ್ಟರೆ ಗರ್ಭಚೀಲಕ್ಕೇ ಅಪಾಯ. ಆದ್ದರಿಂದ ಈ ಮಾತ್ರೆ ಯಾರೂ ತಾವಾಗಿಯೇ ಅಂಗಡಿಯಿಂದ ತಂದು ಕೊಡುವಂಥದ್ದಲ್ಲ. ಮಾತ್ರೆಗಿಂತ ಮೊದಲಿನ ಆ ‘ನೋಡುವ’ ಕೆಲಸವೇ ದೊಡ್ಡದು. ಅದನ್ನು ಎಎನ್‌ಎಂಗಳು ಮಾಡಿದರು.

ಕಣ್ಣಂದಾಜು ಮತ್ತು ಅಳತೆ

ಆ ಪ್ರಯೋಗದಲ್ಲಿ ಇನ್ನೊಂದು ಸಣ್ಣ ವಸ್ತು ಇತ್ತು. ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಕೊಳವೆಯಂತೆ ಇಳಿಬಿದ್ದ ಚೀಲ, ಚೀಲದ ಮೇಲೆ ಅಳತೆಯ ಗೆರೆ. ಹರಿದ ರಕ್ತ ಚೀಲಕ್ಕೆ ಇಳಿಯುತ್ತದೆ. ಎಷ್ಟು ಎಂದು ಗೆರೆ ನೋಡಿ ಓದಬಹುದು. 500 ಮಿಲಿ ಲೀಟರ್ ದಾಟಿದರೆ ಅಪಾಯ.

ಬೆಳಗಾವಿಯಲ್ಲಿ ಈ ಹಾಳೆಯನ್ನು ಕಣ್ಣಂದಾಜಿನ ಜೊತೆ ಹೋಲಿಸಿ ನೋಡಿದಾಗ, ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಹೇಳುತ್ತಿತ್ತು. ದೊಡ್ಡ ಆಸ್ಪತ್ರೆಯ ಅನುಭವಸ್ಥರ ಕಣ್ಣೂ ಮೋಸ ಹೋಗುತ್ತದೆ. ಹಳೆ ಸೀರೆ, ಚಾದರ, ನೆಲ ಹೀರಿಕೊಂಡ ರಕ್ತವನ್ನು ಯಾರು ಅಳೆಯಬೇಕು?

2023ರಲ್ಲಿ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾದ ಸುಮಾರು 80 ಆಸ್ಪತ್ರೆಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಅಲ್ಲಿಯೂ ಇದೇ ಬಗೆಯ ಅಳತೆ ಗೆರೆಯ ಹಾಳೆ ಬಳಸಿದರು, ಜೊತೆಗೆ ರಕ್ತಸ್ರಾವ ಕಂಡ ಕೂಡಲೇ ಮಾಡಬೇಕಾದ ಕ್ರಮಗಳನ್ನು ಒಟ್ಟಿಗೆ ಮಾಡಲು ಕಲಿಸಿದರು. ಅತಿ ರಕ್ತಸ್ರಾವ ಆದವರಲ್ಲಿ 100ಕ್ಕೆ 93 ಜನರನ್ನು ಗುರುತಿಸಲು ಸಾಧ್ಯವಾಯಿತು. ಹಳೆಯ ರೀತಿಯಲ್ಲಿ ನೋಡಿದ ಕಡೆ ಗುರುತಿಸಿದ್ದು 51 ಮಾತ್ರ. ತೀವ್ರ ತೊಂದರೆ ಮತ್ತು ಸಾವು ಸೇರಿದ ಲೆಕ್ಕ 4.3ರಿಂದ 1.6ಕ್ಕೆ ಇಳಿಯಿತು. ಈ ಕೆಲಸದ ಬಹುಪಾಲು ದಾದಿಯರ ಕೈಯಲ್ಲಿತ್ತು.

ಒಳ್ಳೆಯ ಪರೀಕ್ಷೆ ಎಂದರೆ ದೊಡ್ಡ ಪದವಿ ಎಂದೇ ನಾವು ತಿಳಿದಿದ್ದೇವೆ. ಇಲ್ಲಿ ಕೆಲಸ ಮಾಡಿದ್ದು ಸರಿಯಾದ ಅಳತೆ, ಅದನ್ನು ಓದಲು ಕಲಿತ ಕಣ್ಣು, ಓದಿದ ಕೂಡಲೇ ಮುಂದಿನ ಹೆಜ್ಜೆ ಇಡುವ ಅಧಿಕಾರ. ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡು ವ್ಯರ್ಥ.

ಎಲ್ಲ ಪ್ರಯೋಗವೂ ಗೆಲ್ಲಲಿಲ್ಲ

ಬರೀ ಗೆದ್ದ ಕಥೆ ಹೇಳಿದರೆ ಅದು ಇತಿಹಾಸ ಆಗುವುದಿಲ್ಲ. 2014ರಿಂದ 2016ರವರೆಗೆ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಬಸುರಿಯರಿಗೆ ಬಿಪಿ ಏರುವ ನಂಜಿನ ರೋಗ ಅದರ ವಿಷಯ. ಆಶಾ ಕಾರ್ಯಕರ್ತೆಯರು ಮತ್ತು ಎಎನ್‌ಎಂಗಳು ಮನೆಗೆ ಹೋಗಿ ಬಿಪಿ ನೋಡಿ, ಮೊಬೈಲ್ ಆ್ಯಪಿನಲ್ಲಿ ಲಕ್ಷಣ ತುಂಬುತ್ತಿದ್ದರು. ಅಪಾಯ ಎಷ್ಟಿದೆ ಎಂದು ಆ್ಯಪ್ ಹೇಳುತ್ತಿತ್ತು. ಬಿಪಿ ಬಹಳ ಏರಿದ್ದರೆ ಮಾತ್ರೆ, ಫಿಟ್ಸ್ ತಡೆಯುವ ಮೆಗ್ನೀಸಿಯಂ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಕಳಿಸಬೇಕು.

ಇದೇ ಪ್ರಯೋಗ ಪಾಕಿಸ್ತಾನ ಮತ್ತು ಮೊಜಾಂಬಿಕ್‌ನಲ್ಲೂ ನಡೆಯಿತು. ಮೂರೂ ದೇಶದ ಲೆಕ್ಕ ಕೂಡಿಸಿದಾಗ ತಾಯಿ-ಕೂಸಿನ ಸಾವು ಮತ್ತು ತೀವ್ರ ತೊಂದರೆ ಒಟ್ಟಾರೆ ಕಡಿಮೆ ಆಗಿರಲಿಲ್ಲ. ಎಂಟು ಅಥವಾ ಹೆಚ್ಚು ಸಲ ಭೇಟಿ ಸಿಕ್ಕ ಬಸುರಿಯರಲ್ಲಿ ಮಾತ್ರ ತೊಂದರೆ ಕಡಿಮೆ ಕಂಡಿತು.

ಇದರಿಂದ ನಮಗೆ ತಿಳಿಯುವುದೇನು? ಹಳ್ಳಿಯಲ್ಲಿ ಅಪಾಯ ಗುರುತಿಸಿದರೆ ಕೆಲಸ ಅರ್ಧ ಮಾತ್ರ. ಭೇಟಿ ತಪ್ಪದೆ ನಡೆಯಬೇಕು. ಗುರುತಿಸಿದ ಮೇಲೆ ಗಾಡಿ ಸಿಗಬೇಕು, ಮುಟ್ಟಿದ ಆಸ್ಪತ್ರೆಯಲ್ಲಿ ಡಾಕ್ಟರು, ರಕ್ತ, ಹಾಸಿಗೆ ಇರಬೇಕು. ರಾಮದುರ್ಗದಿಂದ ಬೆಳಗಾವಿ ಸುಮಾರು ನೂರು ಕಿಲೋಮೀಟರ್. ಅಲ್ಲಿನವರು ಬಾಗಲಕೋಟೆಗೆ ಹೋಗುತ್ತಾರೆ, ಸವದತ್ತಿ-ಕಿತ್ತೂರಿನವರು ಧಾರವಾಡ, ಹುಬ್ಬಳ್ಳಿಗೆ ಹೋಗುತ್ತಾರೆ. 2008ರ ನವೆಂಬರ್ 1ರಂದು ರಾಜ್ಯದಲ್ಲಿ 108 ಆಂಬುಲೆನ್ಸ್ ಬಂದ ಮೇಲೆ ಈ ದಾರಿ ಎಷ್ಟೋ ಸುಲಭವಾಯಿತು. ಆದರೆ 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ಹೊಕ್ಕಾಗ, ದಾರಿಯೇ ಮುಳುಗಿತ್ತು. ಅಂಥ ಹೊತ್ತಿನಲ್ಲಿ ಊರಲ್ಲೇ ಇರುವ ಸಿಸ್ಟರ್ ನೋಡಿದ್ದೇ ನೋಡಿದ್ದು.

ಇದೆಲ್ಲದರ ನಡುವೆ ರಾಜ್ಯದ ಒಟ್ಟು ಚಿತ್ರ ಬದಲಾಯಿತು ಎಂಬುದೂ ನಿಜ. 2001-03ರಲ್ಲಿ ಕರ್ನಾಟಕದಲ್ಲಿ 1 ಲಕ್ಷ ಜೀವಂತ ಹೆರಿಗೆಗೆ 228 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. 2005ರಲ್ಲಿ ಬಂದ ಗ್ರಾಮೀಣ ಆರೋಗ್ಯ ಮಿಷನ್, ಆಸ್ಪತ್ರೆ ಹೆರಿಗೆ, ಆಶಾ ಕಾರ್ಯಕರ್ತೆಯರು, ಆಂಬುಲೆನ್ಸ್ ಎಲ್ಲ ಸೇರಿ ಆದ ಕೆಲಸ ಅದು.

ಸಿಎಚ್‌ಒ ಬಂದರು

2018ರಲ್ಲಿ ಕೇಂದ್ರ ಸರಕಾರ ದೇಶದ ಒಂದೂವರೆ ಲಕ್ಷ ಉಪಕೇಂದ್ರ ಮತ್ತು ಪಿಎಚ್‌ಸಿಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರ ಮಾಡುವುದಾಗಿ ಹೇಳಿತು. 2023ರ ಕೊನೆಯಲ್ಲಿ ಅವುಗಳ ಹೆಸರು ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂದಾಯಿತು. ಉಪಕೇಂದ್ರಕ್ಕೆ ಹೊಸದಾಗಿ ಬಂದವರು ಸಿಎಚ್‌ಒ. ನರ್ಸಿಂಗ್ ಓದಿನ ಮೇಲೆ ಸಮುದಾಯ ಆರೋಗ್ಯದ 6 ತಿಂಗಳ ತರಬೇತಿ ಪಡೆದವರು ಈ ಹುದ್ದೆಗೆ ಬಂದರು. ಈಗ ಬಿಎಸ್ಸಿ ನರ್ಸಿಂಗಿನಲ್ಲೇ ಆ ಪಾಠವನ್ನು ಸೇರಿಸಿದ್ದಾರೆ. ಇವರು ಹೆಚ್ಚಾಗಿ ಆರೋಗ್ಯ ಮಿಷನ್ನಿನ ಗುತ್ತಿಗೆ ನೌಕರರು.

ಇವರ ಕೆಲಸ ಏನು? 30 ವರ್ಷ ದಾಟಿದ ಎಲ್ಲರ ಬಿಪಿ, ಸಕ್ಕರೆ ನೋಡುವುದು. ಬಾಯಿ, ಎದೆ, ಗರ್ಭಕೊರಳಿನ ಕ್ಯಾನ್ಸರಿನ ಮೊದಲ ತಪಾಸಣೆ. ಬಿಪಿ 140/90 ದಾಟಿದರೆ ಮತ್ತೆ ನೋಡಿ ಪಿಎಚ್‌ಸಿ ಡಾಕ್ಟರ್ ಹತ್ತಿರ ಕಳಿಸುವುದು. ಡಾಕ್ಟರ್ ಒಮ್ಮೆ ಬರೆದುಕೊಟ್ಟ ಬಿಪಿ, ಸಕ್ಕರೆ ಮಾತ್ರೆಯನ್ನು ತಿಂಗಳು ತಿಂಗಳು ಊರಲ್ಲೇ ಕೊಡುವುದು. ಇ-ಸಂಜೀವನಿ ಮೂಲಕ ವಿಡಿಯೊದಲ್ಲಿ ಡಾಕ್ಟರನ್ನು ಕೂಡಿಸುವುದು.

ಕೂಸುಗಳ ವಿಷಯದಲ್ಲಿ ಕೆಲಸ ಇನ್ನೂ ಸೂಕ್ಷ್ಮ. ನ್ಯುಮೋನಿಯಾ ಹಿಡಿಯಲು ಎಕ್ಸ್‌ರೇ ಬೇಕಿಲ್ಲ, ಗಡಿಯಾರ ಬೇಕು. ಕೂಸು ಅಳದೆ ಸುಮ್ಮನಿರುವಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಬೇಕು. 2 ತಿಂಗಳ ಒಳಗಿನ ಕೂಸಿಗೆ 60, 2 ತಿಂಗಳಿಂದ 1 ವರ್ಷದವರೆಗೆ 50, 1ರಿಂದ 5 ವರ್ಷದವರೆಗೆ 40. ಇಷ್ಟು ಅಥವಾ ಹೆಚ್ಚು ಇದ್ದರೆ ವೇಗದ ಉಸಿರು. ಪಕ್ಕೆ ಒಳಗೆ ಸೆಳೆದರೆ, ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿ ಆದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಕಾಗಿದ್ದರೆ ಕೂಡಲೇ ದೊಡ್ಡ ಆಸ್ಪತ್ರೆಗೆ. ಪಕ್ಕದ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಣ್ಣುಮಕ್ಕಳಿಗೇ ಎಳೆಗೂಸುಗಳ ಆರೈಕೆ ಕಲಿಸಿ ಸಾವು ಅರ್ಧಕ್ಕಿಂತ ಹೆಚ್ಚು ಇಳಿಸಿದ್ದನ್ನು 1999ರಲ್ಲಿ ಇದೇ ‘ಲ್ಯಾನ್ಸೆಟ್’ ಪ್ರಕಟಿಸಿತ್ತು. ಆಶಾ ಅಕ್ಕ ಬಾಣಂತಿ ಮನೆಗೆ ಮೇಲಿಂದ ಮೇಲೆ ಬರುವ ಪದ್ಧತಿಯ ಮೂಲ ಅದು.

ಜಗಳ ಇನ್ನೂ ಮುಗಿದಿಲ್ಲ

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಂ, ಡಾಕ್ಟರಲ್ಲದ ‘ಸಮುದಾಯ ಆರೋಗ್ಯ ಸೇವಾದಾರ’ರಿಗೆ ಸೀಮಿತ ಪರವಾನಗಿ ಕೊಡಬಹುದು ಎಂದಿತು. ಪ್ರಾಥಮಿಕ ಆರೋಗ್ಯದಲ್ಲಿ ಗೊತ್ತುಪಡಿಸಿದ ಕೆಲವು ಔಷಧ ಮಾತ್ರ ತಾವೇ ಬರೆಯಬಹುದು. ಭಾರತೀಯ ವೈದ್ಯಕೀಯ ಸಂಘ ಇದನ್ನು ‘ನಕಲಿ ವೈದ್ಯರಿಗೆ ಪರವಾನಗಿ’ ಎಂಬ ಅರ್ಥದಲ್ಲಿ ವಿರೋಧಿಸಿತು. ಆ ವರ್ಷ ಡಾಕ್ಟರುಗಳ ಮುಷ್ಕರವೂ ನಡೆಯಿತು. 1946ರಲ್ಲಿ ಭೋರ್ ಸಮಿತಿಯ ಒಳಗೆ ನಡೆದ ವಾದವೇ ಮತ್ತೆ ಬೀದಿಗೆ ಬಂದಂತೆ ಆಯಿತು.

ಡಾಕ್ಟರುಗಳ ಆತಂಕವನ್ನು ತಳ್ಳಿಹಾಕುವಂತಿಲ್ಲ. ಛತ್ತೀಸಗಡದಲ್ಲಿ 2001ರಲ್ಲಿ ಹಳ್ಳಿಗಾಗಿಯೇ ಮೂರು ವರ್ಷದ ವೈದ್ಯಕೀಯ ಓದು ಆರಂಭಿಸಿದ್ದರು. ಆಮೇಲೆ ಅಧ್ಯಯನಕಾರರು ಪಿಎಚ್‌ಸಿಗಳಲ್ಲಿ ರೋಗಿಗಳನ್ನು ಯಾರು ಹೇಗೆ ನೋಡುತ್ತಾರೆಂದು ಹೋಲಿಸಿದರು. ಆ ಮೂರು ವರ್ಷ ಓದಿದವರು ಎಂಬಿಬಿಎಸ್ ಡಾಕ್ಟರುಗಳ ಸಮಕ್ಕೆ ಇದ್ದರು. ಆದರೆ ಡಾಕ್ಟರ್ ಇಲ್ಲ ಎಂಬ ಕಾರಣಕ್ಕೆ, ಆ ತರಬೇತಿ ಇಲ್ಲದೆ ರೋಗಿ ನೋಡುತ್ತಿದ್ದ ನರ್ಸು ಮತ್ತು ಫಾರ್ಮಸಿ ಸಿಬ್ಬಂದಿ ಎಲ್ಲರಿಗಿಂತ ಹಿಂದೆ ಇದ್ದರು.

ಇದು ಎರಡೂ ಕಡೆಯವರಿಗೆ ಉತ್ತರ. ಡಾಕ್ಟರ್ ಅಲ್ಲದವರು ನೋಡಲೇಬಾರದು ಎನ್ನುವವರಿಗೆ: ಕಲಿಸಿದರೆ ನೋಡಬಲ್ಲರು. ಯಾರನ್ನಾದರೂ ಕುರ್ಚಿಯಲ್ಲಿ ಕೂಡಿಸಿದರೆ ಸಾಕು ಎನ್ನುವ ಸರಕಾರಕ್ಕೆ: ಕಲಿಸದೆ ಕೂಡಿಸಿದರೆ ರೋಗಿಗೆ ಮೋಸ. ಅಮೆರಿಕದ ನರ್ಸ್ ಪ್ರಾಕ್ಟೀಷನರ್ ನರ್ಸಿಂಗ್ ಪದವಿಯ ಮೇಲೆ ಇವತ್ತು ಎರಡು-ಮೂರು ವರ್ಷ ಹೆಚ್ಚು ಓದುತ್ತಾರೆ. ನಮ್ಮ ಸಿಎಚ್‌ಒಗೆ ಸಿಕ್ಕದ್ದು ಆರು ತಿಂಗಳು. ಭಾರತದಲ್ಲಿಯೂ ನರ್ಸ್ ಪ್ರಾಕ್ಟೀಷನರ್ ಓದು ಇದೆ, ಆದರೆ ಅದು ಮೊದಲು ಬಂದದ್ದು ದೊಡ್ಡ ಆಸ್ಪತ್ರೆಯ ಐಸಿಯುಗಳಿಗೆ ಮತ್ತು ಹೆರಿಗೆ ವಿಭಾಗಕ್ಕೆ. 2023ರಲ್ಲಿ 1947ರ ನರ್ಸಿಂಗ್ ಕಾಯ್ದೆಯ ಜಾಗಕ್ಕೆ ಹೊಸ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಬಂದಿದೆ. ಉಪಕೇಂದ್ರದ ಸಿಸ್ಟರಿಗೆ ಅದರಿಂದ ಹೆಚ್ಚು ಕಲಿಕೆ, ಸ್ಪಷ್ಟ ಅಧಿಕಾರ ಸಿಗಬೇಕು.

ನಾವು ಕೇಳಬೇಕಾದದ್ದು

ಹಾಗಾದರೆ ಸಿಸ್ಟರ್ ನೋಡಿದ್ರ ಸಾಕೇನ್ರಿ? ಇತಿಹಾಸ ಕೊಡುವ ಉತ್ತರ: ಹೇಗೆ ನೋಡಿದರು ಎಂಬುದರ ಮೇಲೆ ಇದೆ.

ಕೇಂದ್ರಕ್ಕೆ ಹೋದಾಗ ಇಷ್ಟು ಗಮನಿಸಿ. ಸಿಸ್ಟರ್ ನಿಮ್ಮನ್ನು ಕೂಡಿಸಿ, ಏನಾಗಿದೆ, ಯಾವಾಗಿನಿಂದ ಎಂದು ಕೇಳಿದರೇ? ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಲು ಹೇಳಿದರೇ? ಕೂಸಿನ ಅಂಗಿ ಎತ್ತಿ ಪಕ್ಕೆ ನೋಡಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದರೇ? ಬಸುರಿಯ ಹೊಟ್ಟೆ ಮುಟ್ಟಿ ನೋಡಿ, ತಾಯಿ ಕಾರ್ಡಿನಲ್ಲಿ ಬರೆದರೇ? ಯಾವಾಗ ಮತ್ತೆ ಬರಬೇಕು, ಯಾವ ಲಕ್ಷಣ ಕಂಡರೆ ತಡ ಮಾಡದೆ ಹೊರಡಬೇಕು ಎಂದು ಹೇಳಿದರೇ? ಇಷ್ಟು ಆಗಿದ್ದರೆ ಅದು ಚಲೋ ಪರೀಕ್ಷೆ. ಪೇಟೆಯ ಕ್ಲಿನಿಕ್ಕಿನಲ್ಲಿ ನೂರು ಮಂದಿಯ ಪಾಳಿಯಲ್ಲಿ ನಿಂತು ಎರಡು ನಿಮಿಷದಲ್ಲಿ ಸೂಜಿ ಮಾಡಿಸಿಕೊಂಡು ಬರುವುದಕ್ಕಿಂತ ಎಷ್ಟೋ ಚಲೋ.

“ಸೂಜಿ ಮಾಡ್ರಿ ಅಕ್ಕಾರ” ಎಂದು ನಾವೇ ಒತ್ತಾಯ ಮಾಡುವುದನ್ನೂ ಬಿಡಬೇಕು. ಸೂಜಿ ಬೇಡ ಎಂದು ಹೇಳುವ ಸಿಸ್ಟರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿರಬಹುದು. ಅವರು “ದೊಡ್ಡ ದವಾಖಾನಿಗೆ ಹೋಗ್ರಿ” ಎಂದರೆ ಕೈಲಾಗದೆ ಹೇಳಿದರು ಎಂದು ತಿಳಿಯಬೇಡಿ. ಹೊರಡಬೇಕಾದ ಹೊತ್ತು ಗುರುತಿಸುವುದೇ ಪರೀಕ್ಷೆಯ ಅತಿ ಕಷ್ಟದ ಭಾಗ.

ಗ್ರಾಮಸಭೆಯಲ್ಲಿ ಕೇಳುವ ಪ್ರಶ್ನೆಗಳೂ ಇವೆ. ನಮ್ಮ ಉಪಕೇಂದ್ರದಲ್ಲಿ ಸಿಎಚ್‌ಒ ಹುದ್ದೆ ಖಾಲಿ ಇದೆಯೇ? ಬಿಪಿ ಯಂತ್ರ, ಸಕ್ಕರೆ ನೋಡುವ ಪಟ್ಟಿ, ಕೂಸಿನ ತಕ್ಕಡಿ ಕೆಲಸ ಮಾಡುತ್ತಿವೆಯೇ? ತಿಂಗಳ ಮಾತ್ರೆ ತಪ್ಪದೆ ಬರುತ್ತಿದೆಯೇ? ಸಿಸ್ಟರಿಗೆ ವರ್ಷಕ್ಕೆ ಎಷ್ಟು ತರಬೇತಿ, ಆ್ಯಪು-ರಜಿಸ್ಟರ್ ತುಂಬಲು ದಿನಕ್ಕೆ ಎಷ್ಟು ತಾಸು? ರಸ್ತೆ, ಗಟಾರದ ಜೊತೆ ಇವನ್ನೂ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಇಪ್ಪತ್ತು ವರ್ಷದ ಹಿಂದೆ ಬೆಳಗಾವಿ ಜಿಲ್ಲೆಯ ನರ್ಸಬಾಯಿಯರು ಲಾಟೀನು, ಬ್ಯಾಟರಿ ಬೆಳಕಿನಲ್ಲಿಯೂ ಹೆರಿಗೆ ಮಾಡಿಸಿದ್ದಾರೆ. ರಕ್ತ ಅಳೆದು, ಬರೆದಿಟ್ಟು, ಜಗತ್ತಿಗೆ ಒಂದು ಪಾಠ ಕೊಟ್ಟಿದ್ದಾರೆ. ಅವರ ಜಾಗದಲ್ಲಿ ಇವತ್ತು ಕುಂತಿರುವ ಸಿಸ್ಟರಿಗೆ ಒಳ್ಳೆಯ ಕಲಿಕೆ, ಸರಿಯಾದ ಅಳತೆ, ಗಟ್ಟಿ ನೌಕರಿ ಕೊಡಿಸುವುದು ನಮ್ಮ ಊರುಗಳ ಬೇಡಿಕೆ ಆಗಬೇಕು. ಯಾಕೆಂದರೆ ನಡುರಾತ್ರಿ ಬಾಗಿಲು ಬಡಿದಾಗ ಮೊದಲು ಎದ್ದು ಬರುವವರು ಅವರೇ.